ಉಪ್ಪಿನಕಾಯಿ ಬಾಟಲಿಗೆ ಒಪ್ಪಿದ ಫಾಂಟ್: ಅಕಾಯ ಕನಡಕ

ಶಿರಸಿಯ ಚಿಕ್ಕಮ್ಮ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಇಷ್ಟು ದಿನ ಬಾಟಲಿಗೆ ಒಂದು ಬಿಳಿ ಚೀಟಿ, ಅದರ ಮೇಲೆ ಸ್ಕೆಚ್ ಪೆನ್ನಲ್ಲಿ ಅವರದೇ ಅಕ್ಷರ. ಈ ಸಲ 200 ಬಾಟಲಿ ಆಯ್ತು, ಬರೆದು ಬರೆದು ಕೈ ನೋವು ಬಂತು, "ನೀನೇ ಕಂಪ್ಯೂಟರಲ್ಲಿ ಏನಾದ್ರೂ ಮಾಡ್ಕೊಡು ಮಾರಾಯ" ಅಂದರು. ತುಂಗಾ ಫಾಂಟ್ ಹಾಕಿ ನೋಡಿದೆ, ಬ್ಯಾಂಕಿನ ನೋಟಿಸ್ ತರ ಕಂಡಿತು. ಬಲೂ ತಮ್ಮ ಅನ್ನೋ ಫಾಂಟ್ ಮುದ್ದಾಗಿದೆ, ಆದರೆ ಗುಂಡಗೆ ದಪ್ಪಗೆ ಇರುವ ಆ ಅಕ್ಷರ ಬೋರ್ಡು, ಪೋಸ್ಟರು ಎಲ್ಲಾ ಕಡೆ ನೋಡಿ ನನಗೆ ಸಾಕಾಗಿದೆ. ಕೊನೆಗೆ ಗೂಗಲ್ ಫಾಂಟ್ಸ್‌ನಲ್ಲಿ ಸಿಕ್ಕಿದ್ದು ಅಕಾಯ ಕನಡಕ.

ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ಫಾಂಟ್ ಇದು. ತೆಲುಗಿಗೂ ಇದರ ಜೋಡಿ ಒಂದಿದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ದುಡ್ಡು ಕೊಡಬೇಕಿಲ್ಲ, ಮಾರುವ ಸಾಮಾನಿನ ಮೇಲೂ ಹಾಕಿಕೊಳ್ಳಬಹುದು. ಇದರಲ್ಲಿ ನನಗೆ ಹಿಡಿಸಿದ್ದು ಏನಂದ್ರೆ, ಸ್ಕೇಲ್ ಇಟ್ಟು ಎಳೆದ ಬಿಗಿ ಇಲ್ಲ, ಹಾಗಂತ ಬೇಕಂತಲೇ ಸೊಟ್ಟಗೆ ಬರೆದ ನಾಟಕವೂ ಅಲ್ಲ.

ತೊಂದರೆ ಇಲ್ಲ ಅಂತಲ್ಲ. ಇರುವುದು ಒಂದೇ ತೂಕ (ಅಂದರೆ ಅಕ್ಷರದ ದಪ್ಪ), ಬೋಲ್ಡ್ ಇಲ್ಲ. ಸಾಫ್ಟ್‌ವೇರಿನಲ್ಲಿ ಬೋಲ್ಡ್ ಒತ್ತಿದರೆ ಅಕ್ಷರ ಸುಮ್ನೆ ಊದಿಕೊಳ್ಳುತ್ತದೆ ಅಷ್ಟೆ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಬೇಕು. ನಾನು ಮೊದಲು ಬಿಗಿಯಾಗಿ ಜೋಡಿಸಿದ್ದೆ, ಮೇಲಿನ "ಅಪ್ಪೆಮಿಡಿ"ಯ ಒತ್ತು ಹೋಗಿ ಕೆಳಗಿನ "ಉಪ್ಪಿನಕಾಯಿ"ಯ ಗುಡಿಸಿಗೆ ಗುದ್ದುತ್ತಿತ್ತು. ಇನ್ನೊಂದು, ಫಾಂಟ್ ಅಂದಮೇಲೆ ಎರಡೂ ಪದದ ಪ ಒತ್ತು ಒಂದೇ ಅಚ್ಚು. ಕೈಯಲ್ಲಿ ಬರೆದರೆ ಹಾಗಾಗಲ್ಲ ಅಲ್ವಾ? ಅದಕ್ಕೆ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಪಾತ್ (ಅಂದರೆ ಟೈಪ್ ಮಾಡಿದ್ದನ್ನು ಗೆರೆಗಳ ಚಿತ್ರ) ಮಾಡಿಕೊಂಡು ಒಂದು ಒತ್ತಿನ ಬಾಲವನ್ನು ಚೂರು ಎಳೆದೆ. ಎರಡು ನಿಮಿಷದ ಕೆಲಸ.

ಪಾತ್ ಮಾಡಿದ್ದು ಇನ್ನೊಂದು ಕಾರಣಕ್ಕೂ ಒಳ್ಳೆಯದಾಯಿತು. ಮೊದಲು ಟೆಕ್ಸ್ಟ್ ಇದ್ದ ಫೈಲನ್ನೇ ಪ್ರೆಸ್ಸಿಗೆ ಕಳಿಸಿದ್ದೆ, ಅಲ್ಲಿ ತೆರೆದಾಗ ಒತ್ತೆಲ್ಲ ಬಿಚ್ಚಿಕೊಂಡು "ಉಪ್‌ಪಿನಕಾಯಿ" ಆಗಿತ್ತು, ಅವರು ಅದನ್ನೇ ಪ್ರಿಂಟ್ ಹಾಕೋದರಲ್ಲಿದ್ದರು! ಇದು ಫಾಂಟಿನ ತಪ್ಪಲ್ಲ, ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಸೆಟ್ಟಿಂಗ್ ಆನ್ ಆಗಿರದಿದ್ದರೆ ಯಾವ ಯೂನಿಕೋಡ್ ಕನ್ನಡ ಫಾಂಟಿಗೂ ಇದೇ ಗತಿ.

ಲೇಬಲ್ಲು, ಮದುವೆ ಕಾರ್ಡಿನ ಹೆಸರು, ಕೆಫೆಯ ಮೆನು ತಲೆಬರಹ, ಟೀಶರ್ಟು, ಇಂಥದ್ದಕ್ಕೆಲ್ಲ ಕಣ್ಣುಮುಚ್ಚಿ ಹಾಕಿ. ಪ್ಯಾರಾಗಟ್ಟಲೆ ಓದಿಸೋದಕ್ಕೆ ಮಾತ್ರ ಬೇಡ, ನಾಲ್ಕನೇ ಸಾಲಿಗೆ ಕಣ್ಣು ಸೋಲುತ್ತದೆ. ಉಪ್ಪು, ಖಾರ, ಸಾಸಿವೆ, ಇಂಗು ಅಂತ ಹಿಂದುಗಡೆ ಸಣ್ಣಗೆ ಬರುವುದನ್ನೆಲ್ಲ ನಾನು ಅನೇಕ್ ಕನ್ನಡ ಅನ್ನೋ ಫಾಂಟಿನಲ್ಲಿ ಹಾಕಿದೆ.

ಲೇಬಲ್ ಅಂಟಿಸಿದ ಬಾಟಲಿ ನೋಡಿ ಪಕ್ಕದ ಮನೆಯವರು "ಇದು ಯಾರ ಕೈಬರಹ?" ಅಂತ ಕೇಳಿದರಂತೆ. ಬೆಲೆಯ ಜಾಗ ಖಾಲಿ ಬಿಟ್ಟಿದ್ದೇನೆ, ಅದನ್ನು ಚಿಕ್ಕಮ್ಮ ಈಗಲೂ ಸ್ಕೆಚ್ ಪೆನ್ನಲ್ಲೇ ಬರೆಯುತ್ತಾರೆ.