ಒಮಾಹಾಗೆ ಹೋಗೋದಾ, ಡಿ ಮಾಯ್ನ್‌ಗಾ?

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾ, ಪಕ್ಕದ ಅಯೋವಾ ರಾಜ್ಯದ ಡಿ ಮಾಯ್ನ್, ಎರಡೂ ಕಡೆ ಕೆಲಸದ ಆಫರ್ ಇದ್ದರೆ ಮೊದಲು ಹೆಸರು ಸರಿಯಾಗಿ ಹೇಳಿ: ಅದು ಡಿ ಮಾಯ್ನ್, ಇಂಗ್ಲಿಷಲ್ಲಿ (Des Moines) ಬರೆಯುವಾಗ ಕೊನೆಗೆ ಇರುವ 'ಎಸ್' ಹೇಳಬಾರದು. ಎರಡೂ ಊರಿನ ನಡುವೆ ಐ-80 ಹೆದ್ದಾರಿಯಲ್ಲಿ ಕಾರಿನಲ್ಲಿ ಎರಡು ಗಂಟೆ ದೂರ, ಅಷ್ಟೇ. 2020ರ ಜನಗಣತಿ ಪ್ರಕಾರ ಒಮಾಹಾದಲ್ಲಿ 4.86 ಲಕ್ಷ ಜನ, ಡಿ ಮಾಯ್ನ್‌ನಲ್ಲಿ 2.14 ಲಕ್ಷ.

ಡಿ ಮಾಯ್ನ್ ಅಂದರೆ ವಿಮೆ ಕಂಪನಿಗಳು, ಜೊತೆಗೆ ಅಯೋವಾ ರಾಜಧಾನಿಯಾದ್ದರಿಂದ ಸರ್ಕಾರಿ ಕಚೇರಿಗಳು. ಒಮಾಹಾದಲ್ಲಿ ವಿಮೆಯೂ ಇದೆ, ಯೂನಿಯನ್ ಪೆಸಿಫಿಕ್ ರೈಲ್ವೆಯ ಮುಖ್ಯ ಕಚೇರಿಯೂ ಇದೆ, ಮಾಂಸದ ಕಾರ್ಖಾನೆಗಳೂ ಇವೆ. ಒಂದು ಕೆಲಸ ಹೋದರೆ ಇನ್ನೊಂದು ಸಿಗೋ ದಾರಿ ಅಲ್ಲೇ ಜಾಸ್ತಿ ಅಂತ ನನಗನ್ನಿಸುತ್ತದೆ.

ಜನರ ವಿಷಯಕ್ಕೆ ಬಂದರೆ ದಕ್ಷಿಣ ಒಮಾಹಾ ನೋಡಲೇಬೇಕು. ಮಾಂಸದ ಕಾರ್ಖಾನೆಗಳಿಗೆ ದನ ಮಾರುವ ದೊಡ್ಡಿಗಳಿದ್ದ ಕಾಲದಲ್ಲಿ ಚೆಕ್, ಪೋಲಿಷ್ ಜನ ಬಂದು ನೆಲೆಸಿದ ಜಾಗ ಅದು. ಈಗ 24ನೇ ಬೀದಿಯಲ್ಲಿ ಮೆಕ್ಸಿಕನ್ ಬೇಕರಿಗಳಿವೆ, ಅಲ್ಲಿ ತಟ್ಟೆ, ಇಕ್ಕಳ ಹಿಡಿದು ನಮಗೆ ಬೇಕಾದ ಸಿಹಿ ಬನ್ ನಾವೇ ಆರಿಸಿಕೊಳ್ಳಬೇಕು. ದಕ್ಷಿಣ ಸುಡಾನಿನವರೂ ಊರಲ್ಲಿ ತುಂಬಾ ಇದ್ದಾರೆ. ಡಿ ಮಾಯ್ನ್ ಕಥೆ ಬೇರೆ: 1975ರಲ್ಲಿ ಅಯೋವಾದ ಗವರ್ನರ್ ರಾಬರ್ಟ್ ರೇ ಆಗ್ನೇಯ ಏಷ್ಯಾದ ತಾಯ್ ದಾಮ್ ಜನಾಂಗದ ನಿರಾಶ್ರಿತರನ್ನು ಕರೆಸಿಕೊಂಡರು.

ದೇವಸ್ಥಾನ ಒಮಾಹಾದಲ್ಲಿ ಊರೊಳಗೇ ಇದೆ. ಡಿ ಮಾಯ್ನ್‌ನವರು ಮ್ಯಾಡ್ರಿಡ್ ಅನ್ನೋ ಪುಟ್ಟ ಊರಿಗೆ ಹೋಗಬೇಕು. ಚಳಿ ಮಾತ್ರ ಎರಡೂ ಕಡೆ ಒಂದೇ, ಒಳ್ಳೆ ಜಾಕೆಟ್ ತಗೊಳ್ಳಿ.