ಕೂದಲು ಕೀಳುವ ಚಟಕ್ಕೆ ಹ್ಯಾಬಿಟ್ ರಿವರ್ಸಲ್ ಥೆರಪಿ: ಕೆಲವು ವರ್ಷಗಳ ಬಳಕೆಯ ನಂತರ

ಐದಕ್ಕೆ ನಾಲ್ಕು ಸ್ಟಾರ್. ಥೆರಪಿ ಕೆಲಸ ಮಾಡುತ್ತದೆ. ಆದರೆ ಅದನ್ನು ಸರಿಯಾಗಿ ಕಲಿತು ಮಾಡಿಸುವವರು ಸಿಗುವುದೇ ಕಷ್ಟ, ಅದಕ್ಕೆ ಒಂದು ಸ್ಟಾರ್ ಕಡಿಮೆ.

ತಲೆಕೂದಲು ಕೀಳದೆ ಇರಲಾಗದ ಈ ತೊಂದರೆಗೆ ಟ್ರೈಕೋಟಿಲೋಮೇನಿಯಾ ಅನ್ನುತ್ತಾರೆ. 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಅಲೋಪೋ ಇಟ್ಟ ಹೆಸರು. ಬಹಳ ಕಾಲ ಇದು ಕದಿಯುವ ಚಟ, ಬೆಂಕಿ ಹಚ್ಚುವ ಚಟಗಳ ಜೊತೆ ಇಂಪಲ್ಸ್ ಕಂಟ್ರೋಲ್ (ಸೆಳೆತ ತಡೆಯಲಾಗದ) ಕಾಯಿಲೆಗಳ ಪಟ್ಟಿಯಲ್ಲಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ಒಸಿಡಿ, ಅಂದರೆ ಬೇಡವೆಂದರೂ ಮತ್ತೆ ಮತ್ತೆ ಬರುವ ಯೋಚನೆ, ಮಾಡದೆ ಇರಲಾಗದ ಕೆಲಸಗಳ ಕಾಯಿಲೆಯ ಗುಂಪಿಗೆ ಸೇರಿಸಿತು. ಪಟ್ಟಿ ಯಾವುದಾದರೇನು, ಅನುಭವಿಸುವವರಿಗೆ ಎಲ್ಲ ಒಂದೇ. ಮೊದಲು ತಡೆಯಲಾಗದ ಚಡಪಡಿಕೆ, ಕಿತ್ತ ಕೂಡಲೇ ಹಾಯೆನಿಸುವುದು, ಆಮೇಲೆ ನಾಚಿಕೆ.

ನೆತ್ತಿಯ ಮೇಲೆ ರೂಪಾಯಿ ಅಗಲ ಬೋಳಾದಾಗ ಮನೆಯಲ್ಲಿ ಹುಳ ತಿಂದಿದೆ ಅಂದರು. ಈರುಳ್ಳಿ ರಸ ಹಚ್ಚಿದರು. ಮುಡಿ ಕೊಟ್ಟರೆ ಸರಿಹೋಗುತ್ತೆ ಅಂದವರೂ ಇದ್ದರು. ಮೊದಲು ನೋಡಿದ ಕೌನ್ಸೆಲರ್ "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದು ಕಳಿಸಿದರು. ಜಾಸ್ತಿ ನೋವಾಗಿದ್ದು ಆ ಮಾತಿಗೇ. ಅಷ್ಟಕ್ಕೇ ನಿಲ್ಲುವ ಹಾಗಿದ್ದರೆ ಯಾರಾದರೂ ಬೈತಲೆಗೆ ಕಾಡಿಗೆ ಬಳಿದುಕೊಂಡು ಮದುವೆಮನೆಗೆ ಹೋಗುತ್ತಾರಾ?

ಹ್ಯಾಬಿಟ್ ರಿವರ್ಸಲ್ ಕ್ರಮವನ್ನು ಅಜ್ರಿನ್ ಮತ್ತು ನನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದರು. ಇದು ಶುರುವಾಗುವುದೇ ಕೈಯಿಂದ. ಯಾವ ಹೊತ್ತು, ಯಾವ ಕೈ, ಎಲ್ಲಿ ಕೂತಿದ್ದೆ, ಬೇಸರವಿತ್ತಾ, ಎಲ್ಲ ಬರೆದಿಡಬೇಕು. ಬರೆಯುತ್ತಾ ಹೋದಾಗ ನನಗೆ ಕಂಡದ್ದು: ಬಲ ಮೊಣಕೈಯನ್ನು ಸೋಫಾದ ತೋಳಿಗೆ ಊರಿದರೆ ಬೆರಳು ತಾನಾಗಿ ನೆತ್ತಿಗೆ ಹೋಗುತ್ತದೆ. ಒರಟಾದ ಒಂದು ಎಳೆ ಹುಡುಕುತ್ತದೆ, ತಿರುವುತ್ತದೆ, ಎಳೆಯುತ್ತದೆ. ಬುಡದ ಬಿಳಿ ಗಂಟನ್ನು ಕಣ್ಣ ಮುಂದೆ ಹಿಡಿದಾಗಲೇ ನನಗೆ ಎಚ್ಚರ. ಅಲ್ಲಿಯವರೆಗೆ ನನ್ನ ಗಮನವೆಲ್ಲ ಟೀವಿಯ ಮೇಲೆ.

ಆಮೇಲೆ ಕಲಿಸುವುದು ಬದಲಿ ಕೆಲಸ. ಮೊಣಕೈ ಏಳುತ್ತಿದೆ ಅನ್ನುವಾಗಲೇ ಮುಷ್ಟಿ ಕಟ್ಟಿ, ತೊಡೆಗೆ ಒತ್ತಿ, ಒಂದು ನಿಮಿಷ ಹಿಡಿಯಬೇಕು. ಸೆಳೆತ ಏರುತ್ತದೆ, ನಂತರ ತಾನೇ ಇಳಿಯುತ್ತದೆ. ಅದು ಇಳಿಯುತ್ತೆ ಅನ್ನುವುದೇ ನನಗೆ ಗೊತ್ತಿರಲಿಲ್ಲ! ಓದುವಾಗ ಬೆರಳತುದಿಗೆ ಬ್ಯಾಂಡೇಜ್ ಸುತ್ತುತ್ತೇನೆ. ಚಿಮಟವನ್ನು ಮನೆಯಿಂದಲೇ ಆಚೆ ಹಾಕಿದ್ದೇವೆ. ಮನೆಯವರಿಗೂ ಪಾಠ ಇದೆ: ಗದರುವಂತಿಲ್ಲ, ಮುಷ್ಟಿ ಕಟ್ಟಿದ್ದು ಕಂಡರೆ ಭೇಷ್ ಅನ್ನಬೇಕು. ನನ್ನ ಅಕ್ಕ ಇದನ್ನು ಎಷ್ಟು ಚೆನ್ನಾಗಿ ಮಾಡಿದಳೆಂದರೆ ಅರ್ಧ ಸ್ಟಾರ್ ಅವಳಿಗೇ ಸೇರಬೇಕು.

ಮಾತ್ರೆಯ ವಿಷಯಕ್ಕೆ ಬಂದರೆ, ಇದಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಔಷಧಿ ಇಲ್ಲ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಮಾತ್ರೆ 2009ರ ಪ್ರಯೋಗದಲ್ಲಿ ದೊಡ್ಡವರಿಗೆ ನೆರವಾಯಿತು. 2013ರಲ್ಲಿ ಮಕ್ಕಳ ಮೇಲಿನ ಪ್ರಯೋಗದಲ್ಲಿ ಅದು ಸುಮ್ನೆ ಕೊಟ್ಟ ಸಕ್ಕರೆ ಗುಳಿಗೆಗಿಂತ ಮೇಲೇನೂ ಅಲ್ಲ ಅಂತಾಯಿತು. ಡಾಕ್ಟರನ್ನು ಕೇಳದೆ ಅಂಗಡಿಯಿಂದ ತರಬೇಡಿ.

ಕೊರತೆಗಳೂ ಇವೆ. ದಿನಾ ಬರೆಯುವುದು ಬೇಜಾರಿನ ಕೆಲಸ. ಫೀಸು ಕೈಯಿಂದಲೇ ಹೋಗುತ್ತದೆ. ಕೆಲಸದ ಒತ್ತಡ ಹೆಚ್ಚಾದಾಗ ಚಟ ಮರಳಿತು, ಆಗ ಮತ್ತೆ ಕೆಲವು ಸಿಟ್ಟಿಂಗ್ ಬೇಕಾಯಿತು. ಈಗ ನೆತ್ತಿ ತುಂಬಿದೆ. ಸೆಳೆತ ಇನ್ನೂ ಬರುತ್ತದೆ, ಕಡಿಮೆ.

ಹೋಗುವವರು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ "ಹ್ಯಾಬಿಟ್ ರಿವರ್ಸಲ್ ಮಾಡಿಸ್ತೀರಾ?" ಅಂತ ಕೇಳಿ. ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಒಳ್ಳೆಯದು. ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಿತ್ತ ಕೂದಲು ನುಂಗುವ ಅಭ್ಯಾಸ ಇದ್ದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ಮುಚ್ಚಿಡಲೂ ಬೇಡಿ. ಅದು ಹೊಟ್ಟೆಯಲ್ಲಿ ಗಂಟುಕಟ್ಟಿ ಆಪರೇಷನ್ ತನಕ ಹೋಗಬಹುದು.