ಮರದ ಮನೆಗೆ ‘5 ವರ್ಷ ಗ್ಯಾರಂಟಿ’ ಬೂಷ್ಟು ಟ್ರೀಟ್‌ಮೆಂಟ್ ಅಂತ ಬರ್ತಾರೆ, ದಯವಿಟ್ಟು ಹತ್ತಿರ ಸೇರಿಸಬೇಡಿ

ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆ ಮರದ ಕಾಟೇಜ್ ಇರುವವರು ದಯವಿಟ್ಟು ಪೂರ್ತಿ ಓದಿ. ಮಳೆಗಾಲಕ್ಕೆ ಮುಂಚೆ ಕೆಲವರು ತೋಟ ತೋಟ ಸುತ್ತಿ, "ಬೂಷ್ಟು ಬರದ ಹಾಗೆ ಮಾಡಿಕೊಡ್ತೀವಿ, 5 ವರ್ಷ ಗ್ಯಾರಂಟಿ" ಅನ್ನುತ್ತಾರೆ. ನಮ್ಮಲ್ಲಿಗೂ ಬಂದರು. 85 ಸಾವಿರಕ್ಕೆ ಮಾತಾಡಿ 60 ಸಾವಿರ ತೆಗೆದುಕೊಂಡು ಹೋದರು. ಈಗ ಗೋಡೆ ಮೊದಲಿಗಿಂತ ಕಪ್ಪಾಗಿದೆ.

ನಮ್ಮದು ಗಾಳಿಬೀಡು ಕಡೆ. ಹೋಂಸ್ಟೇಗೆ ಅಂತ ಸಿಲ್ವರ್ ಓಕ್ ದಿಮ್ಮಿಗಳಲ್ಲಿ ಕಾಟೇಜ್ ಕಟ್ಟಿಸಿದ್ದು. ಇಲ್ಲಿ ಮಳೆ ಹೇಗೆ ಹೊಡೆಯುತ್ತದೆ ಅಂತ ನಿಮಗೇ ಗೊತ್ತು. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಚಪ್ಪಲಿ, ಬೆಲ್ಟು, ಕಪಾಟಿನ ಸೀರೆ, ಎಲ್ಲಕ್ಕೂ ಬೂಷ್ಟು. ಬಟ್ಟೆ ಒಲೆ ಮೇಲೆ ಒಣಗಿಸಬೇಕು. ಇನ್ನು ಮರದ ಗೋಡೆಯನ್ನು ಬಿಡುತ್ತದಾ? ಸೂರಿನ ನೀರು ಸಿಡಿಯುವ ಕೆಳಗಿನ ಸಾಲಿನಲ್ಲಿ ಕಪ್ಪು ಚುಕ್ಕೆ ಬಂದಿತ್ತು. ಅಷ್ಟೇ ಇದ್ದಿದ್ದು.

ಮೇ ಕೊನೆಗೆ ಬಂದರು. ಆಗಲೇ ಎರಡು ಮೂರು ಒಳ್ಳೆಯ ಮಳೆ ಬಿದ್ದಿತ್ತು. ಕಾರು ತೊಳೆಯುವ ಪ್ರೆಶರ್ ಪಂಪ್ ತಂದು ಗೋಡೆಗೆ ಹೊಡೆದರು. ಮರದ ನಾರು ಎದ್ದು ಬಂತು. ಆಮೇಲೆ ಕ್ಯಾನಿನಿಂದ ಏನೋ ಸುರಿದು ಉಜ್ಜಿದರು. ಕಪ್ಪೆಲ್ಲ ಕಣ್ಣೆದುರೇ ಬೆಳ್ಳಗಾಯಿತು. ಮರುದಿನ ಬೆಳಗ್ಗೆ ನೋಡಿದರೆ ವಾರ್ನಿಶ್ ಹೊಡೆಯುತ್ತಿದ್ದಾರೆ! ನಾನು ಕೇಳಿದೆ, "ಮರ ಒಣಗೋದು ಬೇಡ್ವಾ?" ಅದಕ್ಕೆ ಆತ, "ಮೇಡಂ, ಇದು ಜರ್ಮನ್ ಕೆಮಿಕಲ್. ಹಸಿ ಮರಕ್ಕೇ ಚೆನ್ನಾಗಿ ಹಿಡಿಯೋದು." ಆ ಮಾತು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹಸಿ ಮರಕ್ಕೇ ಹಿಡಿಯೋದಂತೆ!

ಜುಲೈನಲ್ಲಿ ವಾರ್ನಿಶ್ ಒಳಗಡೆ ಕಪ್ಪು ಹರಡಲು ಶುರುವಾಯಿತು. ಹೊರಗಡೆ ಅಲ್ಲ, ಒಳಗಡೆ. ಒರೆಸಿದರೂ ಹೋಗುವುದಿಲ್ಲ, ಉಜ್ಜಿದರೂ ಹೋಗುವುದಿಲ್ಲ. ರೂಮಿನ ತುಂಬ ಮುಗ್ಗಲು ವಾಸನೆ. ಬೆಂಗಳೂರಿಂದ ಬಂದ ಒಂದು ಕುಟುಂಬದ ಮಗುವಿಗೆ ವೀಜಿಂಗ್ ಇತ್ತಂತೆ. ರಾತ್ರಿ ಕೆಮ್ಮು ನಿಲ್ಲಲೇ ಇಲ್ಲ. ಆ ಮಳೆಯಲ್ಲೇ ಕಾರು ತೆಗೆದುಕೊಂಡು ಹೊರಟುಬಿಟ್ಟರು. ಅವರು ಒಂದು ಮಾತೂ ಬೈಯಲಿಲ್ಲ. ದುಡ್ಡು ವಾಪಸ್ ಕೊಡುವಾಗ ನನಗೆ ತಲೆ ಎತ್ತಲು ಆಗಲಿಲ್ಲ.

ಫೋನ್ ಮಾಡಿದರೆ ಬಂದ ಉತ್ತರ ನೋಡಿ. ಮೊದಲು, "ಅದು ಬೂಷ್ಟಲ್ಲ ಮೇಡಂ, ಮರದ ಬಣ್ಣವೇ ಹಾಗೆ." ಫೋಟೋ ಕಳಿಸಿದೆ. "ಕೊಡಗಿನ ಮಳೆಗೆ ನಾವೇನು ಮಾಡೋಕಾಗುತ್ತೆ?" ಗ್ಯಾರಂಟಿ ಕೊಟ್ಟಿದ್ದು ಯಾವ ಊರಿಗೆ, ಮರುಭೂಮಿಗಾ? ಆಮೇಲೆ, "ಕಾರ್ಡ್ ಹಿಂದೆ ಓದಿ, ಹವಾಮಾನದಿಂದ ಆದ ಹಾನಿ ಸೇರಲ್ಲ." ಕೊನೆಗೆ, "ಇನ್ನೊಂದು ಕೋಟ್ ಹೊಡೆದ್ರೆ ಸರಿ ಹೋಗುತ್ತೆ, ನಿಮಗೆ ಡಿಸ್ಕೌಂಟ್ ಕೊಡ್ತೀನಿ." ಅದರ ಮೇಲೆ ಫೋನೇ ಎತ್ತಲಿಲ್ಲ.

ನಮ್ಮ ಆಚಾರಿ ಬಂದು ಉಳಿಯಲ್ಲಿ ವಾರ್ನಿಶ್ ಕೆರೆದರು. ಅಡಿಯಲ್ಲಿ ಮರ ಒದ್ದೆ. ತೇವ ನೋಡುವ ಮೀಟರ್ ಚುಚ್ಚಿದರೆ 31 ತೋರಿಸಿತು. ಮರದಲ್ಲಿ ತೇವ 20 ಪರ್ಸೆಂಟ್ ದಾಟಿದರೆ ಬೂಷ್ಟಿಗೂ ಕೊಳೆತಕ್ಕೂ ದಾರಿ ಮಾಡಿಕೊಟ್ಟ ಹಾಗೆ. ಕಣದ ಹಿಂದೆ ಅವರು ಬಿಟ್ಟುಹೋದ ಕ್ಯಾನ್ ಸಿಕ್ಕಿತು, ಲೇಬಲ್ ಹರಿದಿದ್ದು. ಆಚಾರಿ ಮೂಸಿ ನೋಡಿ, "ಅಕ್ಕಾ, ಇದು ಬಾತ್‌ರೂಮ್ ತೊಳೆಯೋ ಬ್ಲೀಚ್" ಅಂದರು. ಜರ್ಮನ್ ಕೆಮಿಕಲ್ ಅಂತ ನಾನು ಸಾವಿರಗಟ್ಟಲೆ ಕೊಟ್ಟಿದ್ದು ಅದಕ್ಕೆ. ಬ್ಲೀಚ್ ಮೇಲಿನ ಕಪ್ಪನ್ನು ಬೆಳ್ಳಗೆ ಮಾಡುತ್ತದೆ, ಮರದೊಳಗೆ ಇಳಿದ ಬೇರಿಗೆ ತಲುಪುವುದಿಲ್ಲ. ಅದರ ನೀರು ಮಾತ್ರ ಒಳಗೆ ಇಳಿಯುತ್ತದೆ. ಅದರ ಮೇಲೆ ವಾರ್ನಿಶ್ ಬಳಿದರೆ ನೀರು ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ.

ಈಗ ಎಲ್ಲ ಕೆರೆದು ತೆಗೆಸಬೇಕು. ಕೆರೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಸೋಡಿಯಂ ಪರ್‌ಕಾರ್ಬೊನೇಟ್ (ಕ್ಲೋರಿನ್ ಇಲ್ಲದ ತೊಳೆಯುವ ಪುಡಿ) ನೀರಲ್ಲಿ ಕಲಸಿ ಮೆತ್ತನೆ ಬ್ರಷ್‌ನಲ್ಲಿ ತೊಳೆಯಬೇಕು, ಪ್ರೆಶರ್ ಪಂಪ್ ಮುಟ್ಟಲೇಬಾರದು. ಪುತ್ತರಿ (ನವೆಂಬರ್-ಡಿಸೆಂಬರ್‌ನ ನಮ್ಮ ಸುಗ್ಗಿ ಹಬ್ಬ) ಕಳೆದು ಬಿಸಿಲು ಗಟ್ಟಿಯಾದ ಮೇಲೆ ಮರ ಪೂರ್ತಿ ಒಣಗಲಿ. ಆಮೇಲೆ ಬೋರೇಟ್, ಅಂದರೆ ಮರಕ್ಕೆ ಬೂಷ್ಟು, ಹುಳ ಹಿಡಿಯದಂತೆ ಹಚ್ಚುವ ಬೋರಾನ್ ಉಪ್ಪು. ಅದು ಮಳೆಗೆ ತೊಳೆದು ಹೋಗುತ್ತದೆ, ಹಾಗಾಗಿ ಅದರ ಮೇಲೆ ಮರ ಉಸಿರಾಡಲು ಬಿಡುವ, ಬೂಷ್ಟು ತಡೆಯುವ ಸ್ಟೇನ್ (ಮರದೊಳಗೆ ಇಳಿಯುವ ತೆಳು ಬಣ್ಣ) ಬೇಕೇ ಬೇಕು. ಹಸಿ ಅಗಸೆ ಎಣ್ಣೆ ಬಳಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಬೂಷ್ಟಿಗೆ ಅದೇ ಊಟ. ಬ್ಲೀಚ್ ಜೊತೆ ಆಸಿಡ್, ಅಮೋನಿಯಾ ಸೇರಿಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಇಷ್ಟೆಲ್ಲ ಮಾಡಿದರೂ ಸೂರು ಗಿಡ್ಡ ಇದ್ದರೆ ಮತ್ತೆ ಬರುತ್ತದೆ. ಸೂರು ಎರಡು ಅಡಿಯಾದರೂ ಹೊರಗೆ ಚಾಚಬೇಕು, ಸೂರಿನ ನೀರು ಹಿಡಿಯುವ ದಂಬೆ ಹಾಕಿಸಬೇಕು. ಗೋಡೆಗೆ ತಾಗಿದ ಗಿಡ ಕಡಿಯಿರಿ, ಸೌದೆ ಒಟ್ಟಬೇಡಿ. ಆ ಮನುಷ್ಯ ಇದರಲ್ಲಿ ಒಂದನ್ನಾದರೂ ಹೇಳಿದ್ದನಾ? ಗೋಡೆ ಸುತ್ತ ಅಳತೆ ತೆಗೆದ, ಚದರಡಿ ಲೆಕ್ಕ ಹಾಕಿದ, ಅಷ್ಟೇ.

ನಿಮ್ಮ ಮನೆಗೆ ಬಂದರೆ ಮೊದಲು ಮೀಟರ್ ಇದೆಯಾ ಕೇಳಿ. ಕ್ಯಾನಿನ ಲೇಬಲ್ ತೋರಿಸಲು ಹೇಳಿ. ಮೇ ತಿಂಗಳಲ್ಲಿ ಬಂದವರಿಗಂತೂ ಗೇಟ್ ತೆಗೆಯಬೇಡಿ. ಬಾಕಿ 25 ಸಾವಿರ ಕೇಳಿ ಮೊನ್ನೆ ಮೆಸೇಜ್ ಹಾಕಿದ್ದಾನೆ. ಕೊಡುವುದಿಲ್ಲ ಅಂತ ಬರೆದಿದ್ದೇನೆ, ಗೋಡೆಯ ಫೋಟೋ ಸಮೇತ.